ಏಜ್ ಆಫ್ ಎಂಪೈರ್ಸ್ 2: ಕಾಲೇಜ್ ದಿನದಿಂದ ಇವತ್ತಿನವರೆಗೂ ಆಡ್ಕೊಂಡು ಬಂದವನ ರಿವ್ಯೂ

ಏಜ್ ಆಫ್ ಎಂಪೈರ್ಸ್ 4ನೇ ಭಾಗ ಬಂದು ಎಷ್ಟ್ ವರ್ಷ ಆಯ್ತು, ನೀನ್ ಮಾತ್ರ ಇನ್ನೂ 1999ರ ಎರಡನೇ ಭಾಗ ಹಿಡ್ಕೊಂಡು ಕೂತಿದ್ದೀಯಲ್ಲ ಗುರು, ಇದು ಆಟದ ಮೇಲಿನ ಪ್ರೀತಿ ಅಲ್ಲ, ಬರೀ ನಾಸ್ಟಾಲ್ಜಿಯಾ ಅಂತ ನಮ್ ಗ್ಯಾಂಗಲ್ಲಿ ಒಬ್ಬ ಯಾವಾಗ್ಲೂ ರೇಗಿಸ್ತಾನೆ. ಅವನಿಗೆ ವಾಟ್ಸಾಪಲ್ಲಿ ಉತ್ತರ ಟೈಪ್ ಮಾಡಿ ಮಾಡಿ ಸಾಕಾಗಿದೆ, ಅದಕ್ಕೆ ಒಂದೇ ಸಲ ನೆಟ್ಟಗೆ ರಿವ್ಯೂ ಥರಾನೇ ಬರೆದು ಮುಗಿಸೋಣ ಅಂತ ಕೂತೆ.

ಗೊತ್ತಿಲ್ದೋರಿಗೆ ಹೇಳ್ಬೇಕು ಅಂದ್ರೆ, ಇದು ಆಳುಗಳ ಕೈಲಿ ಊಟ, ಸೌದೆ, ಚಿನ್ನ ಸೇರಿಸಿ, ಊರು ಕಟ್ಟಿ, ಸೈನ್ಯ ಮಾಡಿ ಎದುರಾಳೀನ ಸೋಲಿಸೋ ಕಂಪ್ಯೂಟರ್ ಆಟ. ಮೊದಲು ನಾನ್ ಯಾವ ವರ್ಷನ್ ಆಡ್ತಿರೋದು ಅಂತ ಹೇಳ್ಬಿಡ್ತೀನಿ. 1999ರಲ್ಲಿ ಎನ್ಸೆಂಬಲ್ ಸ್ಟುಡಿಯೋಸ್‌ನೋರು 13 ಸಿವಿಲೈಸೇಶನ್ (ನಾವು ಆರಿಸ್ಕೊಂಡು ಆಡೋ ಜನಾಂಗಗಳು) ಇಟ್ಟು ಮೂಲ ಆಟ ಬಿಟ್ರು, ಮುಂದಿನ ವರ್ಷ ಕಾಂಕರರ್ಸ್ ಅಂತ ಎಕ್ಸ್‌ಪ್ಯಾನ್ಶನ್, ಅಂದ್ರೆ ಮೂಲ ಆಟಕ್ಕೆ ಸೇರಿಸೋ ಹೆಚ್ಚುವರಿ ಭಾಗ, ಬಂದು ಹದಿನೆಂಟಾಯ್ತು. ಹಾಸ್ಟೆಲಲ್ಲಿ ಕೇಬಲ್ ಎಳ್ಕೊಂಡು ಲ್ಯಾನಲ್ಲಿ ನಾವು ಆಡಿದ್ದು ಅದನ್ನ. ಈಗ ಆಡ್ತಿರೋದು 2019ರ ನವೆಂಬರಲ್ಲಿ ಬಂದ ಡೆಫಿನಿಟಿವ್ ಎಡಿಷನ್, ಅಂದ್ರೆ ಅದೇ ಆಟವನ್ನ ಹೊಸದಾಗಿ ತಿದ್ದಿ ತೀಡಿ ಬಿಟ್ಟ ಆವೃತ್ತಿ. ನೆನಪಿನ ಸೆಳೆತ ಇಲ್ವೇ ಇಲ್ಲ ಅಂತ ನಾನೇನು ಸಾಧಿಸೋಕೆ ಹೊರಟಿಲ್ಲ, ಚಾಟಲ್ಲಿ 11 ಒತ್ತಿದ್ರೆ ಬರೋ ಆ ನಗು, ಯಾರೋ ರೆಡಿ ಕೊಡದೆ ಸತಾಯಿಸ್ತಿದ್ರೆ 14 ಒತ್ತಿ 'ಬೇಗ ಆಟ ಶುರು ಮಾಡು' ಅನ್ನೋ ಸೌಂಡ್ ಹಾಕಿ ಎಲ್ಲರೂ ಸೇರ್ಕೊಂಡು ಕಾಡೋದು, ಆ ಸೌಂಡ್ ಕೇಳಿದ್ರೆ ಇವತ್ತಿಗೂ ಮುಖ ಅರಳುತ್ತೆ, ಆದ್ರೆ ಆ ಖುಷಿ ಮೊದಲ ಹತ್ತು ನಿಮಿಷದ್ದು, ವರ್ಷಗಟ್ಲೆ ಒಂದು ಆಟಕ್ಕೆ ಅಂಟಿಕೊಳ್ಳೋಕೆ ಅಷ್ಟು ಸಾಕಾಗಲ್ಲ.

ಇದನ್ನ ಚೆಕ್ ಮಾಡೋದು ತುಂಬಾ ಸುಲಭ. ಹಳೇದು ಅನ್ನೋ ಕಾರಣಕ್ಕೇ ಇಷ್ಟ ಆಗೋದಾಗಿದ್ರೆ ನನಗೆ 1997ರ ಒಂದನೇ ಭಾಗ ಇನ್ನೂ ಜಾಸ್ತಿ ಇಷ್ಟ ಆಗ್ಬೇಕಿತ್ತು ಅಲ್ವಾ, ನಾನ್ ಮೊದ್ಲು ಆಡಿದ್ದೇ ಅದು, ಅದೂ ಚಿಕ್ಕಪ್ಪನ ಮನೇಲಿ ಬೇಸಿಗೆ ರಜೇಲಿ, ನೆನಪಿನ ಲೆಕ್ಕದಲ್ಲಿ ಅದನ್ನ ಮೀರಿಸೋದು ಯಾವುದೂ ಇಲ್ಲ. ಆದ್ರೆ ಈಗ ಅದನ್ನ ಹಾಕ್ಕೊಂಡು ಕೂತ್ರೆ ಅರ್ಧ ಗಂಟೆ ತಡ್ಕೊಳ್ಳೋಕಾಗಲ್ಲ. ಮೂಲ ಆಟದಲ್ಲಿ ಐದು ಜನ ಸೈನಿಕರು ಬೇಕು ಅಂದ್ರೆ ಐದು ಸಲ ಕ್ಯೂ ಕೊಟ್ಟು ಬಿಡೋಕೆ ಬರಲ್ಲ, ಒಬ್ಬ ಆಚೆ ಬಂದ್ಮೇಲೆ ಇನ್ನೊಬ್ಬನಿಗೆ ಹೇಳ್ಬೇಕು, ಕೋಟೆ ಗೋಡೆ ಕಟ್ಟಿದ್ರೆ ಅದಕ್ಕೆ ಬಾಗಿಲೇ ಇಲ್ಲ, ನಮ್ಮೋರು ಆಚೆ ಹೋಗೋಕೆ ನಾವೇ ಸಂದು ಬಿಟ್ಕೋಬೇಕು, ಪಾಪ್ಯುಲೇಶನ್, ಅಂದ್ರೆ ನಮ್ಮ ಆಳು ಸೈನಿಕರ ಒಟ್ಟು ಲೆಕ್ಕ, 50ಕ್ಕೆ ನಿಂತ್ಹೋಗುತ್ತೆ. ಗೇಟು, ಸೈನಿಕರನ್ನ ಸಾಲಾಗಿ ನಿಲ್ಲಿಸೋ ಫಾರ್ಮೇಶನ್ನು, ಸುಮ್ನೆ ನಿಂತಿರೋ ಆಳು ಎಲ್ಲಿದಾನೆ ಅಂತ ತೋರಿಸೋ ಬಟನ್ನು, ಇವೆಲ್ಲ ಬಂದಿದ್ದು ಎರಡನೇ ಭಾಗದಲ್ಲೇ. ಅಂದ್ರೆ ನಾನು ಅವತ್ತು ಹಳೇದನ್ನ ಬಿಟ್ಟು ಸೀಕ್ವೆಲ್ ಹಿಡ್ಕೊಂಡವನು! ಎರಡನೇದ್ರಲ್ಲೂ 1999ರ ಸೀಡಿ ಕೊಟ್ರೆ ವಾಪಸ್ ಕೊಡ್ತೀನಿ, ಹೊಲ ಖಾಲಿ ಆದಾಗೆಲ್ಲ ಹುಡುಕ್ಕೊಂಡು ಹೋಗಿ ಕೈಯಾರೆ ಮತ್ತೆ ಬಿತ್ತನೆ ಮಾಡ್ಸೋ ತಾಪತ್ರಯ ಯಾರಿಗ್ ಬೇಕು, ಡೆಫಿನಿಟಿವ್ ಎಡಿಷನಲ್ಲಿ ಅದು ತಾನಾಗೇ ಆಗುತ್ತೆ.

ಪ್ರಾಜೆಕ್ಟ್ ಐಜಿಐ ಅನ್ನೋ ಶೂಟಿಂಗ್ ಆಟ ನೆನಪಿದ್ಯಾ? 2000ದಲ್ಲಿ ಬಂದಿದ್ದು, ನಮ್ ಕಡೆ ಅದು ಇಲ್ದೇ ಇರೋ ಸೈಬರ್ ಸೆಂಟರೇ ಇರ್ಲಿಲ್ಲ ಅನ್ಬೋದು. ಲಾಕ್‌ಡೌನಲ್ಲಿ ಎಷ್ಟ್ ಆಸೆಯಿಂದ ಹಾಕ್ಕೊಂಡೆ ಗೊತ್ತಾ. ಮಿಷನ್ ಮಧ್ಯೆ ಸೇವ್ ಇಲ್ಲ, ಕೊನೇಲಿ ಒಂದು ಗುಂಡು ಬಿದ್ರೆ ಮತ್ತೆ ಮೊದಲಿಂದ. ಎರಡು ದಿನಕ್ಕೆ ಡಿಲೀಟ್. ಅದರ ಮೇಲಿನ ಪ್ರೀತಿ ಪಕ್ಕಾ ನಾಸ್ಟಾಲ್ಜಿಯಾ, ಅದನ್ನ ಒಪ್ಕೊಳ್ಳೋಕೆ ನಂಗೇನೂ ನಾಚಿಕೆ ಇಲ್ಲ.

ಹಂಗಾದ್ರೆ ಎರಡನೇದ್ರಲ್ಲಿ ಅಂಥದ್ದೇನಿದೆ? ಒಂದು ಕಾಡುಹಂದಿ ಹೊಡೆಯೋದನ್ನೇ ತಗೊಳ್ಳಿ. ಆಟ ಶುರುವಾದ ಸ್ವಲ್ಪ ಹೊತ್ತಿಗೆ ಕುರಿ ಖಾಲಿ ಆಗ್ತಾ ಬರುತ್ತೆ, ಕುರಿಗೆ ನೂರು ಫುಡ್, ಹಂದಿಗೆ 340, ಹಂಗಾಗಿ ಹಂದಿ ಬಿಡೋ ಹಂಗಿಲ್ಲ, ಆದ್ರೆ ನಮ್ ವಿಲೇಜರ್, ಅಂದ್ರೆ ಕೆಲ್ಸ ಮಾಡೋ ಆಳಿನ ಜೀವ ಇರೋದೇ 25. ಒಬ್ಬನ್ನ ಕಳಿಸಿ ಎರಡು ಬಾಣ ಹೊಡೆಸಿ ತಿರುಗಿಸಿ ಊರಿನ ಮುಖ್ಯ ಕಟ್ಟಡ ಟೌನ್ ಸೆಂಟರ್ ಕಡೆ ಓಡಿಸ್ಬೇಕು, ಹಂದಿ ಅಟ್ಟಿಸ್ಕೊಂಡು ಬರುತ್ತೆ, ಹತ್ರ ಬಂದ ತಕ್ಷಣ ಕುರಿ ಕೊಯ್ತಿದ್ದೋರೆಲ್ಲ ಒಟ್ಟಿಗೆ ಅದರ ಮೇಲೆ ಬೀಳ್ಬೇಕು. ಒಂದು ಬಾಣ ಜಾಸ್ತಿ ಹೊಡೆದ್ರೆ ಓಡೋಕೆ ಟೈಮ್ ಸಾಲಲ್ಲ, ಆಳು ಸತ್ತ, ತೀರಾ ದೂರದಿಂದ ಎಳೆದ್ರೆ ದಾರೀಲೇ ಕಥೆ ಮುಗೀತು, ಭಯ ಇದ್ರೆ ಮೊದಲೇ 50 ಗೋಲ್ಡ್ ಕೊಟ್ಟು ಆಳುಗಳ ಜೀವ ಹೆಚ್ಚಿಸೋ ಲೂಮ್ ಮಾಡಿಸ್ಕೋಬೇಕು, ಅಷ್ಟ್ ಹೊತ್ತು ಹೊಸ ಆಳು ಹುಟ್ಟಲ್ಲ. ಯುದ್ಧ ಇನ್ನೂ ಶುರುವೇ ಆಗಿಲ್ಲ, ಆಗ್ಲೇ ಎದೆ ಡವಡವ. ಇಷ್ಟು ವರ್ಷ ಆದ್ಮೇಲೂ ಆ ಹಂದಿ ಎಳೆಯುವಾಗ ಪಕ್ಕದಲ್ಲಿ ಯಾರಾದ್ರೂ ಮಾತಾಡಿಸಿದ್ರೆ ನಾನ್ ಉತ್ತರ ಕೊಡಲ್ಲ.

ಬಾಣದ ವಿಷ್ಯಾನೂ ಅಷ್ಟೇ. ಇದ್ರಲ್ಲಿ ಬಿಲ್ಲಿಂದ ಬಿಟ್ಟ ಬಾಣ ನಿಜಕ್ಕೂ ಒಂದು ಜಾಗಕ್ಕೆ ಹೋಗುತ್ತೆ, ಎದುರಿನವನು ಅಷ್ಟರಲ್ಲಿ ಪಕ್ಕಕ್ಕೆ ಸರಿದ್ರೆ ನೆಲಕ್ಕೆ ಬೀಳುತ್ತೆ, ಓಡೋನ ಮುಂದಕ್ಕೆ ಗುರಿ ಇಟ್ಟು ಹೊಡೀಬೇಕು ಅಂದ್ರೆ ಆಟದೊಳಗಿನ ಯೂನಿವರ್ಸಿಟಿ ಕಟ್ಟಡದಲ್ಲಿ ಬ್ಯಾಲಿಸ್ಟಿಕ್ಸ್ ಅನ್ನೋ ವಿದ್ಯೆ ಕಲಿಸ್ಬೇಕು. ಕಲ್ಲು ಎಸೆಯೋ ಯಂತ್ರ ಮ್ಯಾಂಗೊನೆಲ್ ಇದ್ಯಲ್ಲ, ಅದರ ಕಲ್ಲು ನಮ್ಮೋರು ಇವ್ರು ಅವ್ರು ಅಂತ ನೋಡಲ್ಲ, ಆತುರದಲ್ಲಿ ಬಿಟ್ರೆ ನಮ್ಮ ಸೈನ್ಯಾನೇ ನೆಲಸಮ. ಕಮ್ಮಿ ಸೈನ್ಯ ಇದ್ದೋನು ಕೈಚಳಕದಿಂದ ಗೆಲ್ಲೋಕೆ ಜಾಗ ಇರೋದು ಇಲ್ಲೇ.

2005ರ ಮೂರನೇ ಭಾಗದಲ್ಲಿ ಇಂಥ ಕಿರಿಕಿರಿಗಳನ್ನೆಲ್ಲ ತೆಗೀತೀವಿ ಅಂತ ಹೋಗಿ ರುಚೀನೂ ತೆಗೆದ್ಬಿಟ್ರು ಅಂತ ನನ್ ಅಭಿಪ್ರಾಯ. ಅದ್ರಲ್ಲಿ ಆಳು ಮರ ಕಡಿದ್ರೆ ಸೌದೆ ಹೊತ್ಕೊಂಡು ಬರೋದೇ ಬೇಡ, ನಿಂತಲ್ಲೇ ಲೆಕ್ಕಕ್ಕೆ ಸೇರುತ್ತೆ. ಕೇಳೋಕೆ ಆರಾಮ ಅನ್ಸುತ್ತೆ, ಆದ್ರೆ ಸೌದೆ ತಂದು ಹಾಕೋ ಲಂಬರ್ ಕ್ಯಾಂಪ್ ಎಲ್ಲಿ ಹಾಕ್ಬೇಕು, ಕಾಡು ಹಿಂದೆ ಸರಿದಂಗೆ ಎರಡನೇದು ಯಾವಾಗ ಹಾಕ್ಬೇಕು, ಅದನ್ನ ಶತ್ರು ಬಂದು ಕೆಡವಿದ್ರೆ ಏನ್ ಗತಿ, ಈ ತಲೆನೋವೇ ಆಟ ಆಗಿತ್ತಲ್ಲ. ಅದರ ಮೇಲೆ ತವರು ನಗರದಿಂದ ಸಹಾಯ ತರಿಸ್ಕೊಳ್ಳೋ ಹೋಮ್ ಸಿಟಿ ಕಾರ್ಡು, ಅದೂ ಮೊದಲು ಬಂದಾಗ ಆಡಿ ಆಡಿ ಲೆವೆಲ್ ಏರಿಸಿದ್ರೆ ಮಾತ್ರ ಒಳ್ಳೇ ಕಾರ್ಡ್ ಸಿಗ್ತಿತ್ತು, 2020ರ ಡೆಫಿನಿಟಿವ್ ಎಡಿಷನಲ್ಲಿ ಅದನ್ನ ಕೈಬಿಟ್ರು. ಫಿರಂಗಿ ಗುಂಡು ಬಿದ್ದಾಗ ಸೈನಿಕರು ಹಾರಿ ಬೀಳೋದು ನೋಡೋಕೆ ಮಜಾ ಇದೆ, ಅಷ್ಟೇ.

2021ರ ಅಕ್ಟೋಬರಲ್ಲಿ ಬಂದ 4ನೇದು ಬೇರೆ ಮಾತು. ಅದನ್ನ ಕೆಟ್ಟ ಆಟ ಅಂತ ಯಾರಾದ್ರೂ ಅಂದ್ರೆ ನಾನ್ ಒಪ್ಪಲ್ಲ. ಮಂಗೋಲರು ಮನೆ ಮಠ ಎಲ್ಲ ಗಾಡಿ ಮೇಲೆ ಹೇರ್ಕೊಂಡು ಜಾಗ ಬದಲಾಯಿಸೋದು, ರಷ್ಯಾದೋರಿಗೆ ಬೇಟೆ ಆಡಿದ್ರೆ ಚಿನ್ನ ಸಿಗೋದು, ತಲೆ ಓಡಿಸಿ ಮಾಡಿದಾರೆ. ಆದ್ರೆ ಅಲ್ಲಿ ಒಂದೊಂದು ಸಿವಿಲೈಸೇಶನ್ನೂ ಒಂದೊಂದು ಹೊಸ ಆಟ ಕಲ್ತಂಗೆ. ಎರಡನೇದ್ರಲ್ಲಿ ಎಲ್ರದೂ ಮುಕ್ಕಾಲು ಒಂದೇ, ಒಂದು ಸಲ ಕೈ ಕೂತ್ರೆ ಯಾರನ್ನ ತಗೊಂಡ್ರೂ ಆಡ್ಬೋದು, ವ್ಯತ್ಯಾಸ ಸಣ್ಣದು, ಆ ಸಣ್ಣದ್ರಲ್ಲೇ ಸೋಲು ಗೆಲುವು. ಕೆಲ್ಸ ಮುಗಿಸ್ಕೊಂಡು ರಾತ್ರಿ ಒಂದು ಗೇಮ್ ಆಡೋ ನನ್ನಂಥೋರಿಗೆ ಇದು ದೊಡ್ಡ ವಿಷ್ಯ. ಇದನ್ನ ನಾಸ್ಟಾಲ್ಜಿಯಾ ಅನ್ನೋ ಬದ್ಲು ಸೋಮಾರಿತನ ಅಂದ್ರೆ ಬೇಕಾದ್ರೆ ಕೇಳ್ತೀನಿ.

ಅಕ್ಕನ ಮಗ ಒಬ್ಬ ಇದಾನೆ, ಈ ಆಟ ಬಂದಾಗ ಹುಟ್ಟೇ ಇರ್ಲಿಲ್ಲ, ಮೊಬೈಲಲ್ಲಿ ಶೂಟಿಂಗ್ ಆಡ್ಕೊಂಡು ಬೆಳೆದವನು, ಅವನಿಗೆ ಯಾವ ಹಳೇ ನೆನಪು. ದಸರಾ ರಜೇಲಿ ಎರಡೂ ತೋರಿಸ್ದೆ. ಒಬ್ನೇ ಕೂತಾಗ 4ನೇದ್ರ ಕ್ಯಾಂಪೇನ್ ಆಡ್ತಿದ್ದ, ನಿಜವಾದ ಜಾಗಗಳ ವಿಡಿಯೋ ಬರುತ್ತಲ್ಲ ಅದು ಇಷ್ಟ ಆಯ್ತು. ನನ್ ಎದುರು ಆಡುವಾಗ ಮಾತ್ರ "ಮಾಮ, ಎರಡನೇದೇ ಹಾಕು, ನೀನ್ ಏನ್ ಮಾಡಿ ಹೊಡೆದೆ ಅಂತ ಕಾಣ್ಸುತ್ತೆ" ಅಂದ. ಒಬ್ಬ ಹುಡುಗ ಹೇಳಿದ್ದನ್ನ ಸಾಕ್ಷಿ ಅಂತ ಹಿಡ್ಕೊಂಡು ಕೋರ್ಟಿಗೆ ಹೋಗಲ್ಲ ಬಿಡಿ, ಆದ್ರೂ 2022ರಲ್ಲಿ ಜರ್ಮನಿಯ ಹೈಡಲ್‌ಬರ್ಗ್ ಕೋಟೇಲಿ ರೆಡ್ ಬುಲ್ ವೊಲೊಲೊ ಅನ್ನೋ ಏಜ್ ಆಫ್ ಎಂಪೈರ್ಸ್ ಟೂರ್ನಮೆಂಟ್ ನಡೆದಾಗ ಹೊಸದರ ಪಕ್ಕ ಎರಡನೇದನ್ನೂ ಇಟ್ಟು ಆಡಿಸಿದ್ರು. ಆ ಲೆವೆಲಲ್ಲಿ ಬಹುಮಾನಕ್ಕೆ ಆಡೋರು ಬಾಲ್ಯದ ನೆನಪಿಗೆ ಅಂತ ಆಡ್ತಾರಾ?

ಬೇಜಾರುಗಳೂ ಇವೆ. ಯೂನಿಟ್‌ಗಳು ದಾರಿ ಹುಡುಕೋದ್ರಲ್ಲಿ ಇವತ್ತಿಗೂ ಪೆದ್ದು, ಗುಂಪಾಗಿ ಕುದುರೆ ಸವಾರರನ್ನ ಕಳಿಸಿದ್ರೆ ಒಬ್ಬರಿಗೊಬ್ಬರು ಗುದ್ದಾಡ್ಕೊಂಡು ನಿಲ್ತಾರೆ. ಸಿವಿಲೈಸೇಶನ್ 40 ದಾಟಿವೆ, ಯಾರಿಗೆ ಯಾವ ಬೋನಸ್ ಅಂತ ನೆನಪಿಡೋಕೆ ಆಗ್ತಿಲ್ಲ. 2022ರಲ್ಲಿ ಬಂದ ಡೈನಾಸ್ಟೀಸ್ ಆಫ್ ಇಂಡಿಯಾ ಅನ್ನೋ ಎಕ್ಸ್‌ಪ್ಯಾನ್ಶನಲ್ಲಿ ದ್ರವಿಡಿಯನ್ಸ್ ಬಂದ್ರು, ಬಳುಕೋ ಕತ್ತಿ ಉರುಮಿ ಹಿಡಿದ ಸೈನಿಕರು, ನಮ್ ದಕ್ಷಿಣದ ಹಳೇ ಉಕ್ಕು ವೂಟ್ಜ್ ಸ್ಟೀಲು, ಎಲ್ಲಾ ಸೂಪರ್, ಆದ್ರೆ ಅವ್ರು ಮಾತಾಡೋದು ತಮಿಳು, ಒಬ್ಬನಾದ್ರೂ ಕನ್ನಡದಲ್ಲಿ "ಹೂಂ" ಅಂದಿದ್ರೆ ಏನ್ ಗಂಟು ಹೋಗ್ತಿತ್ತು.

ಹೊಸದಾಗಿ ತಗೊಳ್ಳೋರು ಸೀದಾ ಡೆಫಿನಿಟಿವ್ ಎಡಿಷನ್ ತಗೊಳ್ಳಿ, ಬೇರೆಯಾಗಿ ಮಾರೋ ಹೆಚ್ಚುವರಿ ಭಾಗಗಳನ್ನೆಲ್ಲ (ಡಿಎಲ್‌ಸಿ) ಒಟ್ಟಿಗೆ ತಗೊಳ್ಳೋದು ಬೇಡ, ಬೇಸ್ ಗೇಮಲ್ಲೇ ವರ್ಷಕ್ಕಾಗುವಷ್ಟಿದೆ, ಸೇಲ್ ಬರೋವರೆಗೂ ಕಾಯಿರಿ. ಕಥೆ ನೋಡ್ಕೊಂಡು ಒಬ್ರೇ ಆಡೋರು 4ನೇದು ತಗೊಂಡ್ರೂ ಮೋಸ ಇಲ್ಲ. ಒಂದು ಒಳ್ಳೇ ಮೌಸ್ ಇಟ್ಕೊಳ್ಳಿ, ಲ್ಯಾಪ್‌ಟಾಪ್ ಟಚ್‌ಪ್ಯಾಡಲ್ಲಿ ಹಂದಿ ಎಳೆಯೋಕೆ ಹೋಗ್ಬೇಡಿ.