11 ಲಕ್ಷದ ಜರ್ಮನ್ ಕಾರು, ನಾಲ್ಕು ವರ್ಷದ ಬಿಲ್ಲುಗಳು

2021ರಲ್ಲಿ ಮೈಸೂರಿನಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಜರ್ಮನ್ ಸೆಡಾನ್ ತೆಗೆದುಕೊಂಡೆ. 2013ರ ಮಾಡೆಲ್, ಡೀಸೆಲ್, ಆಟೋಮ್ಯಾಟಿಕ್. ಮೀಟರ್‌ನಲ್ಲಿ 72 ಸಾವಿರ ಕಿಲೋಮೀಟರ್. ಕೊಟ್ಟಿದ್ದು 11 ಲಕ್ಷ 40 ಸಾವಿರ. ಕಂಪನಿ ಹೆಸರು ಬೇಡ ಬಿಡಿ, ಬೇರೆ ಬೇರೆ ಜರ್ಮನ್ ಕಂಪನಿಗಳ ಹಳೆ ಕಾರು ಇಟ್ಟುಕೊಂಡ ನಾಲ್ಕೈದು ಜನರ ಹತ್ತಿರ ಮಾತಾಡಿದ್ದೇನೆ, ಎಲ್ಲರ ಗೋಳೂ ಹೆಚ್ಚುಕಮ್ಮಿ ಇದೇ. ಕಾರು ಮನೆಗೆ ತಂದ ದಿನ ಅಪ್ಪ ಸುತ್ತ ಒಂದು ರೌಂಡ್ ಹಾಕಿ, "ಇಷ್ಟು ಚೆನ್ನಾಗಿದ್ರೆ ಅವನು ಯಾಕಪ್ಪ ಮಾರಿದ?" ಅಂದರು. ಆಗ ನಕ್ಕಿದ್ದೆ.

ಮೊದಲ ಆರು ತಿಂಗಳು ಏನೂ ಇಲ್ಲ. ಆಮೇಲೆ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಸದ್ದು ಶುರುವಾಯಿತು. ಹಂಪ್ ಇಳಿಯುವಾಗ ಜಾಸ್ತಿ. ಎಂಬತ್ತರಲ್ಲಿ ಬ್ರೇಕ್ ಒತ್ತಿದರೆ ಸ್ಟೇರಿಂಗ್ ನಡುಗುತ್ತಿತ್ತು. ಚಕ್ರವನ್ನು ಕಾರಿಗೆ ಹಿಡಿದಿಡುವ ಕಂಟ್ರೋಲ್ ಆರ್ಮ್‌ನ ಬುಷ್ ಹೋಗಿದೆ ಎಂದರು. ಈ ಕಾರುಗಳಲ್ಲಿ ಸಸ್ಪೆನ್ಷನ್‌ಗೆ ಆರ್ಮ್‌ಗಳು ಜಾಸ್ತಿ, ಒಂದೊಂದಕ್ಕೂ ರಬ್ಬರ್ ಬುಷ್, ನಮ್ಮ ಗುಂಡಿ ಹಂಪುಗಳಿಗೆ ಆ ರಬ್ಬರ್ ಬಿರುಕು ಬಿಡದೇ ಇರುತ್ತದಾ? ಶೋರೂಂ ಸರ್ವೀಸ್ ಸೆಂಟರ್‌ನಲ್ಲಿ ಬರೀ ಬುಷ್ ಕೊಡುವುದಿಲ್ಲ, ಪೂರ್ತಿ ಆರ್ಮ್ ಹಾಕಬೇಕು ಎಂದು 96 ಸಾವಿರದ ಎಸ್ಟಿಮೇಟ್ ಕೈಗಿಟ್ಟರು. ಹೊರಗಿನ ಗ್ಯಾರೇಜ್‌ನಲ್ಲಿ ಅದೇ ಕೆಲಸ 38 ಸಾವಿರಕ್ಕೆ ಆಯಿತು. ಡುಪ್ಲಿಕೇಟ್ ಅಲ್ಲ. ಲೆಮ್‌ಫೋರ್ಡರ್ ಎಂಬ ಕಂಪನಿಯ ಮಾಲು. ಕಾರು ಕಂಪನಿಗಳಿಗೆ ಸಸ್ಪೆನ್ಷನ್ ಪಾರ್ಟ್ ಮಾಡಿಕೊಡುವವರೇ ಅವರು. ಡಬ್ಬದ ಮೇಲೆ ಕಾರು ಕಂಪನಿಯ ಲೋಗೋ ಇಲ್ಲ, ಅಷ್ಟೇ ವ್ಯತ್ಯಾಸ.

ಇಲ್ಲೇ ನನಗೆ ಈ ಕಾರುಗಳ ಲೆಕ್ಕ ಅರ್ಥವಾಗಿದ್ದು. 40 ಲಕ್ಷದ ಕಾರು ಎಂಟು ವರ್ಷಕ್ಕೆ 11 ಲಕ್ಷಕ್ಕೆ ಇಳಿಯುತ್ತದೆ, ಆದರೆ ಅದರ ಪಾರ್ಟು ಇನ್ನೂ 40 ಲಕ್ಷದ ಕಾರಿನ ಪಾರ್ಟೇ. ಅದಕ್ಕೆ ಡಿಸ್ಕೌಂಟ್ ಇಲ್ಲ.

ಮುಂದಿನದು ಆಯಿಲ್ ಲೀಕ್. ಆಯಿಲ್ ಫಿಲ್ಟರ್ ಹೌಸಿಂಗಿನ ಗ್ಯಾಸ್ಕೆಟ್ ಬಿಸಿಗೆ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಗ್ಯಾಸ್ಕೆಟ್‌ಗೆ 600 ರೂಪಾಯಿ, ಬಿಚ್ಚಿ ಹಾಕಿದ ಕೂಲಿ 7 ಸಾವಿರ! ಬಾನೆಟ್ ಒಳಗೆ ಕೈ ಆಡುವಷ್ಟು ಜಾಗ ಇಲ್ಲ, ಪಾಪ ಹುಡುಗ ಒಂದು ದಿನ ಪೂರ್ತಿ ಬಗ್ಗಿಕೊಂಡೇ ಇದ್ದ, ಆ ಕೂಲಿಗೆ ನನ್ನ ತಕರಾರಿಲ್ಲ. ಅದಾದ ಮೇಲೆ ವಾಟರ್ ಪಂಪ್, ಥರ್ಮೋಸ್ಟಾಟ್, ಕೂಲೆಂಟ್ ಟ್ಯಾಂಕ್, 31 ಸಾವಿರ. ಕೂಲಿಂಗ್ ಲೈನಿನಲ್ಲಿ ಪ್ಲಾಸ್ಟಿಕ್ ಭಾಗಗಳು ತುಂಬಾ, ಹತ್ತು ವರ್ಷಕ್ಕೆ ಬಿಸ್ಕತ್ತಿನ ಹಾಗೆ ಮುರಿಯುತ್ತವೆ. ಕೂಲೆಂಟ್ ಕಡಿಮೆಯಾಗುತ್ತಿದೆ ಎಂದರೆ ಸುಮ್ನೆ ನೀರು ತುಂಬಿಸಿಕೊಂಡು ಓಡಿಸಬೇಡಿ. 2018ರಲ್ಲಿ ದಕ್ಷಿಣ ಕೊರಿಯಾದಲ್ಲಿ ಬಿಎಂಡಬ್ಲ್ಯು ಡೀಸೆಲ್ ಕಾರುಗಳಿಗೆ ಬೆಂಕಿ ಬಿದ್ದಿದ್ದಕ್ಕೆ ಕಂಪನಿಯೇ ಕೊಟ್ಟ ಕಾರಣ ಇಜಿಆರ್ ಕೂಲರ್‌ನಿಂದ (ಎಂಜಿನ್‌ಗೆ ವಾಪಸ್ ಹೋಗುವ ಹೊಗೆಯನ್ನು ತಣ್ಣಗೆ ಮಾಡುವ ಭಾಗ) ಸೋರುವ ಕೂಲೆಂಟ್. ಚೆಕ್ ಆಗದ ಕಾರು ರಸ್ತೆಗಿಳಿಸಬೇಡಿ ಎಂದು ಅಲ್ಲಿನ ಸರ್ಕಾರ ಆದೇಶ ಹೊರಡಿಸುವ ಮಟ್ಟಕ್ಕೆ ಹೋಯಿತು. ನೀವು ನೋಡುತ್ತಿರುವ ಕಾರಿಗೆ ರೀಕಾಲ್, ಅಂದರೆ ದೋಷ ಸರಿಪಡಿಸಲು ಕಂಪನಿಯೇ ವಾಪಸ್ ಕರೆಸಿದ್ದು, ಇತ್ತಾ, ಇದ್ದರೆ ಕೆಲಸ ಮುಗಿದಿದೆಯಾ ಅಂತ ಚಾಸಿ ನಂಬರ್ ಕೊಟ್ಟು ಕೇಳಿ.

ಗೇರ್‌ಬಾಕ್ಸ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ನನ್ನದರಲ್ಲಿರುವುದು ಜೆಡ್‌ಎಫ್ ಕಂಪನಿಯ 8 ಸ್ಪೀಡ್. ಬಿಎಂಡಬ್ಲ್ಯು, ಆಡಿ, ಜಾಗ್ವಾರ್ ಎಲ್ಲರೂ ಇದನ್ನು ಹಾಕಿದ್ದಾರೆ, ಬಹಳ ಒಳ್ಳೆ ಗೇರ್‌ಬಾಕ್ಸ್. ಸರ್ವೀಸ್‌ನವರು "ಸರ್, ಇದು ಲೈಫ್‌ಟೈಮ್ ಆಯಿಲ್, ಚೇಂಜ್ ಬೇಡ" ಅನ್ನುತ್ತಾರೆ. ಗೇರ್‌ಬಾಕ್ಸ್ ಮಾಡಿದ ಜೆಡ್‌ಎಫ್‌ನವರೇ 80 ಸಾವಿರದಿಂದ 1 ಲಕ್ಷದ 20 ಸಾವಿರ ಕಿಲೋಮೀಟರ್ ಒಳಗೆ ಬದಲಿಸಿ ಅನ್ನುತ್ತಾರೆ. ಯಾರ ಲೈಫ್‌ಟೈಮ್ ಸ್ವಾಮಿ, ನನ್ನದಾ, ವಾರಂಟಿದಾ? ಫಿಲ್ಟರ್ ಆಯಿಲ್ ಪ್ಯಾನ್ ಒಳಗೇ ಕೂತಿರುವುದರಿಂದ ಪ್ಯಾನನ್ನೂ ಬದಲಿಸಬೇಕು. 42 ಸಾವಿರ ಬಿತ್ತು. ಟ್ರಾಫಿಕ್‌ನಲ್ಲಿ ಎರಡನೇ ಗೇರಿಗೆ ಇಳಿಯುವಾಗ ಹೊಡೆಯುತ್ತಿದ್ದ ಜರ್ಕ್ ನಿಂತಿತು. ನನಗೆ ಖುಷಿಯಿಂದ ಕೊಟ್ಟ ಬಿಲ್ ಅಂದರೆ ಇದೊಂದೇ.

ಟೈರು: ಮೊದಲಿದ್ದಿದ್ದು ರನ್‌ಫ್ಲಾಟ್, ಅಂದರೆ ಪಂಕ್ಚರ್ ಆದರೂ ಸ್ವಲ್ಪ ದೂರ ಓಡುವ ಟೈರು, ಸ್ಟೆಪ್ನಿ ಇಲ್ಲ. ಒಂದಕ್ಕೆ 22 ಸಾವಿರ ಹೇಳಿದರು. ಗಟ್ಟಿ ಟೈರು, ಗುಂಡಿಗೆ ಬಿದ್ದರೆ ಬೆನ್ನುಮೂಳೆಗೇ ತಾಗುತ್ತದೆ. ಮಾಮೂಲಿ ಟ್ಯೂಬ್‌ಲೆಸ್ ನಾಲ್ಕು 50 ಸಾವಿರಕ್ಕೆ ಹಾಕಿಸಿ, ಡಿಕ್ಕಿಯಲ್ಲಿ ಪಂಕ್ಚರ್ ಕಿಟ್ ಇಟ್ಟುಕೊಂಡೆ. ಬೇರೆಯೇ ಕಾರಿನ ಹಾಗಾಯಿತು. ಬ್ಯಾಟರಿ 21 ಸಾವಿರ, ಹಾಕಿದ ಮೇಲೆ ಹೊಸದು ಬಂದಿದೆ ಎಂದು ಸ್ಕ್ಯಾನರ್‌ನಲ್ಲಿ ಕಾರಿಗೆ ತಿಳಿಸಬೇಕು, ಹೌದು ನಿಜವಾಗಿ. ಬೈಕಿನವನೊಬ್ಬ ಕನ್ನಡಿ ಒಡೆದು ಹೋದ. ಹೊಸದಕ್ಕೆ 42 ಸಾವಿರ, ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಅದೇ ಬಣ್ಣದ್ದೇ 9 ಸಾವಿರಕ್ಕೆ ಸಿಕ್ಕಿತು.

ವರ್ಷಕ್ಕೊಂದು ಮಾಮೂಲಿ ಸರ್ವೀಸ್ ಸುಮಾರು 17 ಸಾವಿರ. ಎಲ್ಲಾ ಕೂಡಿದರೆ ನಾಲ್ಕು ವರ್ಷಕ್ಕೆ, ಇನ್ಶೂರೆನ್ಸ್ ಬಿಟ್ಟು, 2 ಲಕ್ಷ 66 ಸಾವಿರ ಚಿಲ್ಲರೆ. ಓಡಿಸಿದ್ದು 41 ಸಾವಿರ ಕಿಲೋಮೀಟರ್. ಅಂದರೆ ಕಿಲೋಮೀಟರಿಗೆ ಆರೂವರೆ ರೂಪಾಯಿ. ಮೈಲೇಜ್ ಲೀಟರಿಗೆ 14, ಹಾಗಾಗಿ ಡೀಸೆಲ್‌ಗೂ ಹೆಚ್ಚುಕಮ್ಮಿ ಅಷ್ಟೇ. ಪ್ರತಿ ಸಲ ಬಂಕಿನಲ್ಲಿ ಎರಡು ಟ್ಯಾಂಕಿನ ದುಡ್ಡು ಕೊಟ್ಟು ಒಂದೇ ಟ್ಯಾಂಕ್ ತುಂಬಿಸಿಕೊಂಡ ಹಾಗೆ. ಇದೂ ದೊಡ್ಡ ರಿಪೇರಿ ಯಾವುದೂ ಬರದೇ ಇದ್ದಾಗಿನ ಲೆಕ್ಕ. ಬಿಎಂಡಬ್ಲ್ಯುನ ಎನ್47 ಡೀಸೆಲ್ ಎಂಜಿನ್‌ನಲ್ಲಿ ಟೈಮಿಂಗ್ ಚೈನ್ (ವಾಲ್ವುಗಳನ್ನು ಸರಿಯಾದ ಸಮಯಕ್ಕೆ ಆಡಿಸುವ ಸರಪಳಿ) ಎಂಜಿನ್ನಿನ ಹಿಂದೆ, ಗೇರ್‌ಬಾಕ್ಸ್ ಕಡೆ ಇದೆ. ಅದು ಸವೆದು ಕರಕರ ಅನ್ನತೊಡಗಿದರೆ ಬದಲಿಸುವುದಕ್ಕೆ ಎಂಜಿನ್ನನ್ನೋ ಗೇರ್‌ಬಾಕ್ಸನ್ನೋ ಕೆಳಗಿಳಿಸಬೇಕು. ಏರ್ ಸಸ್ಪೆನ್ಷನ್ ಇರುವ ಕಾರಾದರೆ ರಾತ್ರಿ ನಿಲ್ಲಿಸಿ ಬೆಳಿಗ್ಗೆ ನೋಡಿ, ಒಂದು ಮೂಲೆ ಕುಸಿದಿದ್ದರೆ ಅಲ್ಲಿಂದಲೇ ವಾಪಸ್ ಬನ್ನಿ.

ಕೊಳ್ಳುವ ಮುಂಚೆ ಎಂಜಿನ್ ತಣ್ಣಗಿರುವಾಗಲೇ ನೀವೇ ಸ್ಟಾರ್ಟ್ ಮಾಡಿ. ಮಾರುವವರು ಮೊದಲೇ ಬಿಸಿ ಮಾಡಿ ಇಟ್ಟಿದ್ದರೆ ಕಾರಣ ಇರುತ್ತದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ಕೆಸರಿನ ಗೆರೆ ಇದೆಯಾ ನೋಡಿ, ಸೀಟಿನ ಬೋಲ್ಟ್ ತುಕ್ಕು ಹಿಡಿದಿದೆಯಾ ನೋಡಿ. 2015ರಲ್ಲಿ ಚೆನ್ನೈ, 2022ರಲ್ಲಿ ಬೆಳ್ಳಂದೂರು ಕಡೆ ಎಷ್ಟು ಒಳ್ಳೊಳ್ಳೆ ಕಾರುಗಳು ನೀರಲ್ಲಿ ನಿಂತಿದ್ದವು, ನೆನಪಿದೆಯಲ್ವಾ? ದೆಹಲಿ ಕಾರು ಅಗ್ಗ ಎಂದು ಓಡಬೇಡಿ. ಹತ್ತು ವರ್ಷ ದಾಟಿದ ಡೀಸೆಲ್ ಕಾರು ಅಲ್ಲಿ ಓಡಿಸಬಾರದು ಎಂಬ ಆದೇಶ ಇದ್ದಿದ್ದರಿಂದಲೇ ಬೆಲೆ ಇಳಿದಿದ್ದು. ಅಲ್ಲಿನ ಆರ್‌ಟಿಒದ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ), ಇಲ್ಲಿನ ಲೈಫ್‌ಟೈಮ್ ಟ್ಯಾಕ್ಸ್ ಎಲ್ಲಾ ಕೂಡಿಸಿದ ಮೇಲೆ ಬೆಲೆ ನೋಡಿ.

ಹಾಗಾದರೆ ಮಾರುತ್ತೀಯಾ ಎಂದರೆ, ಇಲ್ಲ. ಬೆಳಿಗ್ಗೆ ಐದೂವರೆಗೆ ಬೆಂಗಳೂರು ಎಕ್ಸ್‌ಪ್ರೆಸ್‌ವೇ ಹತ್ತಿ ನೂರರಲ್ಲಿ ಹೋಗುವಾಗ ಒಳಗೆ ಮಾತು ಪಿಸುಗುಟ್ಟಿದರೂ ಕೇಳುತ್ತದೆ, ಅಪ್ಪ ಮದ್ದೂರು ಬರುವಷ್ಟರಲ್ಲಿ ನಿದ್ದೆ ಹೋಗಿರುತ್ತಾರೆ. 2 ಲಕ್ಷ ಪಕ್ಕಕ್ಕೆ ಇಟ್ಟುಕೊಂಡು, ಒಬ್ಬ ನಂಬಿಕೆಯ ಮೆಕ್ಯಾನಿಕ್ ಗೊತ್ತಿದ್ದರೆ ತೆಗೆದುಕೊಳ್ಳಿ. ಲೋನ್ ಮಾಡಿ ಕೈಯಲ್ಲಿರುವುದೆಲ್ಲ ಸುರಿದು ತೆಗೆದುಕೊಳ್ಳುವುದಾದರೆ ಖಂಡಿತ ಬೇಡ. ಹೋದ ವಾರದಿಂದ ಎಸಿ ಹಾಕಿದಾಗ ಎಲ್ಲೋ ಸಣ್ಣಗೆ ಕುಂಯ್ ಅನ್ನುತ್ತಿದೆ. ಸದ್ಯಕ್ಕೆ ಹಾಡಿನ ವಾಲ್ಯೂಮ್ ಜಾಸ್ತಿ ಮಾಡಿದ್ದೇನೆ.