5 ಎಂಎಲ್ ಅಂದರೆ ಎಷ್ಟು? ಫಿಟ್ಸ್ ಸಿರಪ್‌ನ ಬಾಟಲಿ ಬದಲಾದಾಗ ಆದ ಅನಾಹುತ

ಫಿಟ್ಸ್ ಇರುವ, ತಿಂಗಳಿಗೊಮ್ಮೆಯಾದರೂ ಆಸ್ಪತ್ರೆ ಮೆಟ್ಟಿಲು ಹತ್ತುವ ಮಗು ಮನೆಯಲ್ಲಿದ್ದರೆ, ಇದನ್ನು ಓದುವ ಮೊದಲು ಎದ್ದು ಹೋಗಿ ಔಷಧದ ಬಾಟಲಿ ತನ್ನಿ. ಲೇಬಲ್ ಮೇಲೆ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ 'ಪ್ರತಿ 5 ಎಂಎಲ್‌ನಲ್ಲಿ ಇಷ್ಟು ಎಂಜಿ' ಎಂದು ಇರುತ್ತದೆ. ಮುಂದಿನ ಮಾತೆಲ್ಲ ಆ ಒಂದು ಸಾಲಿನದು.

ಹೀಗೇ ಫಿಟ್ಸ್ ಇದ್ದ ಒಂದು ಮಗು, ತೂಕ 12 ಕೆಜಿ. ಬೆಂಗಳೂರಿನಲ್ಲಿ ಅಡ್ಮಿಟ್ ಆಗಿ ಊರಿಗೆ ಹೊರಟಾಗ ಡಿಸ್ಚಾರ್ಜ್ ಚೀಟಿಯಲ್ಲಿ ಬರೆದದ್ದು: ಫೆನಿಟಾಯಿನ್ ಸಿರಪ್, 5 ಎಂಎಲ್, ಬಿಡಿ. ಬಿಡಿ ಅಂದರೆ ದಿನಕ್ಕೆ ಎರಡು ಸಲ. ಎಷ್ಟು ಎಂಜಿ ಎಂಬುದು ಎಲ್ಲೂ ಇರಲಿಲ್ಲ. ಆಸ್ಪತ್ರೆಯ ಫಾರ್ಮಸಿಯಲ್ಲಿ ಸಿಕ್ಕ ಬಾಟಲಿ 5 ಎಂಎಲ್‌ಗೆ 30 ಎಂಜಿಯದು. ದಿನಕ್ಕೆ 60 ಎಂಜಿ, ಕೆಜಿಗೆ 5 ಎಂಜಿ ಲೆಕ್ಕ, ಸರಿಯಾಗಿಯೇ ಇತ್ತು. ಬಾಟಲಿ ಮುಗಿಯಿತು. ತಾಲ್ಲೂಕಿನ ಮೆಡಿಕಲ್ ಶಾಪ್‌ನಲ್ಲಿ ಆ ಕಂಪನಿಯದು ಇರಲಿಲ್ಲ. 'ಅದೇ ಔಷಧ, ಕಂಪನಿ ಬೇರೆ ಅಷ್ಟೇ' ಎಂದು ಇನ್ನೊಂದು ಕೊಟ್ಟರು. ಔಷಧ ಅದೇ, ಸುಳ್ಳಲ್ಲ. ಆದರೆ ಇದರಲ್ಲಿ 5 ಎಂಎಲ್‌ಗೆ 125 ಎಂಜಿ. ಅಮ್ಮ ಅಳೆದದ್ದು ಒಂದು ಹನಿಯೂ ಹೆಚ್ಚುಕಮ್ಮಿಯಿಲ್ಲದ 5 ಎಂಎಲ್. ಮಗುವಿನ ಹೊಟ್ಟೆಗೆ ಹೋದದ್ದು ದಿನಕ್ಕೆ 250 ಎಂಜಿ, ನಾಲ್ಕು ಪಟ್ಟಿಗೂ ಹೆಚ್ಚು.

ಮೊದಲ ಎರಡು ದಿನ ಸ್ವಲ್ಪ ಮಂಪರು. ಮೂರನೇ ದಿನ ಗೋಡೆ ಹಿಡಿದು ನಡೆಯತೊಡಗಿತು, ಕೂರಿಸಿದರೆ ಒಂದು ಕಡೆ ವಾಲುತ್ತಿತ್ತು. ಪಕ್ಕಕ್ಕೆ ನೋಡು ಎಂದರೆ ಕಣ್ಣುಗುಡ್ಡೆ ಅಲ್ಲೇ ನಿಲ್ಲದೆ ಪಟಪಟ ಅದುರುತ್ತಿತ್ತು. ಆಮೇಲೆ ವಾಂತಿ. ಮನೆಯಲ್ಲಿ ದೃಷ್ಟಿ ತೆಗೆದರು, ಪಕ್ಕದ ಕ್ಲಿನಿಕ್‌ನಲ್ಲಿ ಹೊಟ್ಟೆ ಕೆಟ್ಟಿದೆ ಎಂದು ವಾಂತಿ ಸಿರಪ್ಪೂ ಒಆರ್‌ಎಸ್ಸೂ ಬರೆದರು. ಫಿಟ್ಸ್ ಔಷಧ ತಪ್ಪಬಾರದಲ್ಲ, ಹಾಗಾಗಿ ಮಗು ಕಕ್ಕಿದಾಗಲೆಲ್ಲ ಮತ್ತೊಂದು 5 ಎಂಎಲ್ ಕುಡಿಸಿದರು. ಐದನೇ ದಿನ 108ರಲ್ಲಿ ಜಿಲ್ಲಾ ಕೇಂದ್ರದ ಆಸ್ಪತ್ರೆಗೆ. ಮೂರು ವರ್ಷದ ಸ್ಕ್ಯಾನು, ಇಇಜಿ, ರಕ್ತದ ರಿಪೋರ್ಟು ತುಂಬಿದ ದಪ್ಪ ಫೈಲು ಜೊತೆಗಿತ್ತು, ಬಾಟಲಿ ಮಾತ್ರ ಮನೆಯ ಕಿಟಕಿಯ ಮೇಲಿತ್ತು. ಪಕ್ಕದ ಮನೆಯವರು ವಾಟ್ಸಾಪ್‌ನಲ್ಲಿ ಲೇಬಲ್ ಫೋಟೊ ಕಳಿಸಿದ ಮೇಲೆ ಡ್ಯೂಟಿ ಡಾಕ್ಟರಿಗೆ ವಿಷಯ ಹೊಳೆಯಿತು. ರಕ್ತದಲ್ಲಿ ಫೆನಿಟಾಯಿನ್ ಸಾಮಾನ್ಯವಾಗಿ ಎಂಎಲ್‌ಗೆ 10ರಿಂದ 20 ಮೈಕ್ರೋಗ್ರಾಂ ಇರಬೇಕು. ಅದರ ಎರಡು ಪಟ್ಟು ದಾಟಿತ್ತು. ಮಗು ಚೇತರಿಸಿಕೊಂಡಿತು, ಆದರೆ ವಾರಕ್ಕೂ ಹೆಚ್ಚು ದಿನ ಹಿಡಿಯಿತು.

ಅಷ್ಟು ದಿನ ಯಾಕೆ? ಫೆನಿಟಾಯಿನ್‌ನ ಗುಣವೇ ಹಾಗೆ. ಲಿವರ್ ಅದನ್ನು ಹೊರಹಾಕುವುದು ಕೆರೆಯ ತೂಬಿದ್ದ ಹಾಗೆ: ಎಷ್ಟೇ ಮಳೆ ಬರಲಿ, ತೂಬಿನಲ್ಲಿ ಹೋಗುವ ನೀರು ಅಷ್ಟೇ. ಒಂದು ಮಟ್ಟ ದಾಟಿದ ಮೇಲೆ ಡೋಸ್ ಸ್ವಲ್ಪ ಏರಿದರೂ ರಕ್ತದ ಮಟ್ಟ ಜರ್ರನೆ ಏರುತ್ತದೆ, ಇಳಿಯುವಾಗ ಮಾತ್ರ ನಿಧಾನ. ಅದಕ್ಕೇ ಬೇರೆ ಸಿರಪ್‌ನಲ್ಲಿ ದಕ್ಕಿಬಿಡುವ ತಪ್ಪು ಇದರಲ್ಲಿ ದಕ್ಕುವುದಿಲ್ಲ. ಇನ್ನೊಂದು, ಇದು ಪೂರ್ತಿ ಕರಗಿದ ದ್ರಾವಣವಲ್ಲ. ನಿಲ್ಲಿಸಿಟ್ಟರೆ ಔಷಧ ಗಸಿಯಂತೆ ತಳ ಸೇರುತ್ತದೆ. ಅಲ್ಲಾಡಿಸದೆ ಕೊಟ್ಟರೆ ಬಾಟಲಿಯ ಮೊದಲರ್ಧ ಸಪ್ಪೆ, ಕೊನೆಯರ್ಧ ಗಟ್ಟಿ. ಆರಂಭದಲ್ಲಿ ಫಿಟ್ಸ್ ಬಂದು ಡೋಸ್ ಏರಿಸುತ್ತಾರೆ, ಕೊನೆಗೆ ಮಗು ತೂಗಾಡುತ್ತದೆ. ತಳದಲ್ಲಿ ಬಿಳಿ ಪದರ ಕಾಣದಿರುವವರೆಗೆ ಅಲ್ಲಾಡಿಸಿ, ತಕ್ಷಣ ಎಳೆದುಕೊಳ್ಳಿ.

ತಪ್ಪು ಯಾರದು? ಚೀಟಿ ಬರೆದವರದು, ನಂತರ ಅಂಗಡಿಯವರದು, ತಾಯಿಯದಂತೂ ಅಲ್ಲ. ವಾರ್ಡಿನಲ್ಲಿ ಒಂದೇ ಕಂಪನಿಯ ಸ್ಟಾಕ್ ಇರುತ್ತದೆ, ಅಲ್ಲಿನ ಸಿಸ್ಟರುಗಳಿಗೂ ಡಾಕ್ಟರುಗಳಿಗೂ 5 ಎಂಎಲ್ ಅಂದರೆ ಇಷ್ಟು ಎಂದು ಬಾಯಿಪಾಠ. ರಾಯಚೂರಿನಿಂದಲೋ ಕಲಬುರಗಿಯಿಂದಲೋ ರಾತ್ರಿ ಬಸ್ಸಿನಲ್ಲಿ ನಿಮ್ಹಾನ್ಸ್‌ಗೋ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆಗೋ ಬಂದುಹೋಗುವ ಮನೆಯವರು ಮುಂದಿನ ಬಾಟಲಿ ಕೊಳ್ಳುವುದು ತಮ್ಮೂರಿನಲ್ಲಿ. ಅಲ್ಲಿ ಆ ಬಾಯಿಪಾಠಕ್ಕೆ ಬೆಲೆಯಿಲ್ಲ.

ಆದ್ದರಿಂದ ಡಿಸ್ಚಾರ್ಜ್ ದಿನ, ಬಿಲ್ಲಿನ ಗಡಿಬಿಡಿ ಶುರುವಾಗುವ ಮೊದಲೇ, ಪ್ರತಿ ಔಷಧಕ್ಕೂ ಎಂಜಿ ಬರೆಸಿಕೊಳ್ಳಿ. ಹೀಗಿರಬೇಕು: 'ಫೆನಿಟಾಯಿನ್ 30 ಎಂಜಿ, ದಿನಕ್ಕೆ 2 ಸಲ, 5 ಎಂಎಲ್‌ಗೆ 30 ಎಂಜಿ ಇರುವ ಸಿರಪ್ ಆದರೆ 5 ಎಂಎಲ್.' ಪಕ್ಕದಲ್ಲಿ ಅವತ್ತಿನ ತೂಕ, ತಾರೀಕು. ಡಾಕ್ಟರು ಬೇಜಾರು ಮಾಡಿಕೊಳ್ಳಬಹುದು, ಪರವಾಗಿಲ್ಲ. ಅಂಗಡಿಯಲ್ಲಿ ಹಳೆಯ ಖಾಲಿ ಬಾಟಲಿಯನ್ನು ಹೊಸದರ ಪಕ್ಕ ಇಟ್ಟು ಆ ಸಾಲನ್ನು ಹೋಲಿಸಿ. ಅಂಕಿ ಬೇರೆಯಾದರೆ ಕೌಂಟರಿನಲ್ಲೇ ಲೆಕ್ಕ ಹಾಕಿ ಒಯ್ಯಬೇಡಿ. ಲೆಕ್ಕ ಸುಲಭವೇ: ಬೇಕಾದ ಎಂಜಿಯನ್ನು 5ರಿಂದ ಗುಣಿಸಿ, ಲೇಬಲ್ಲಿನ ಎಂಜಿಯಿಂದ ಭಾಗಿಸಿದರಾಯಿತು. ಈ ಮಗುವಿನ 30 ಎಂಜಿಗೆ, 125 ಎಂಜಿಯ ಬಾಟಲಿಯಲ್ಲಿ 1.2 ಎಂಎಲ್ ಬರುತ್ತದೆ. ಆದರೆ ಮನೆಯಲ್ಲಿ ಅಜ್ಜಿಯ ಕೈಗೆ 5 ಎಂಎಲ್ ರೂಢಿಯಾಗಿದೆ, ಆ ಕೈ ಒಂದು ದಿನ ಹಳೆಯ ಅಳತೆಗೇ ಹೋಗುತ್ತದೆ. ಬೇರೆ ಅಂಗಡಿ ನೋಡಿ, ಇಲ್ಲವೇ ಬರೆದ ಡಾಕ್ಟರಿಗೆ ಫೋನ್ ಮಾಡಿ. ಫೆನಿಟಾಯಿನ್‌ನಲ್ಲಿ ಕಂಪನಿಯನ್ನೂ ಬದಲಿಸದಿರುವುದೇ ಒಳ್ಳೆಯದು. ದಿನಕ್ಕೆ 10 ಎಂಎಲ್ ಹೋದರೆ 200 ಎಂಎಲ್ ಬಾಟಲಿ 20 ದಿನ. ಹೊಸ ಬಾಟಲಿ ಒಡೆದ ದಿನವೇ ಮುಂದಿನದನ್ನು ತಂದಿಟ್ಟರೆ ಭಾನುವಾರ ರಾತ್ರಿ ಸಿಕ್ಕಿದ್ದು ತರುವ ಪ್ರಮೇಯ ಬರುವುದಿಲ್ಲ.

ಅಳೆಯಲು ಅಡುಗೆಮನೆಯ ಚಮಚ ಬೇಡ, ಒಂದೊಂದು ಮನೆಯ ಚಮಚ ಒಂದೊಂದು ಗಾತ್ರ. ಸೂಜಿಯಿಲ್ಲದ 5 ಎಂಎಲ್ ಸಿರಿಂಜ್ ಸಾಕು. ತುದಿಯ ಮುಚ್ಚಳವನ್ನು ಬಿಸಾಡಿ, ಮಗುವಿನ ಗಂಟಲಿಗೆ ಹೋದೀತು. 1 ಎಂಎಲ್‌ಗಿಂತ ಕಡಿಮೆ ಕೊಡಬೇಕಾದಾಗ ಇನ್ಸುಲಿನ್ ಸಿರಿಂಜ್ ಹಿಡಿಯುವವರಿದ್ದಾರೆ. ಅದರ ಮೇಲಿರುವುದು ಎಂಎಲ್ ಅಲ್ಲ, ಯೂನಿಟ್. ಕೆಂಪು ಮುಚ್ಚಳದ್ದರಲ್ಲಿ 40 ಯೂನಿಟ್ ಅಂದರೆ 1 ಎಂಎಲ್, ಕಿತ್ತಳೆಯದ್ದರಲ್ಲಿ 100. ಬೇಡವೇ ಬೇಡ.

ಜ್ವರದ ಪ್ಯಾರಾಸಿಟಮಾಲ್‌ನಲ್ಲೂ ಇದೇ ಬಲೆ, ಇನ್ನೂ ದೊಡ್ಡದು. 5 ಎಂಎಲ್‌ಗೆ 120 ಎಂಜಿಯ ಸಿರಪ್ ಇದೆ, 250 ಎಂಜಿಯದೂ ಇದೆ. ಡ್ರಾಪ್ಸ್‌ನಲ್ಲಿ ಒಂದೇ ಎಂಎಲ್‌ಗೆ 100 ಎಂಜಿ. ಕೆಜಿಗೆ 15 ಎಂಜಿಯಂತೆ 12 ಕೆಜಿಯ ಮಗುವಿಗೆ 180 ಎಂಜಿ ಬೇಕು. ಮೊದಲನೆಯದರಲ್ಲಿ 7.5 ಎಂಎಲ್, ಎರಡನೆಯದರಲ್ಲಿ 3.6, ಡ್ರಾಪ್ಸ್ ಆದರೆ 1.8. ಡ್ರಾಪ್ಸ್ ಚಿಕ್ಕ ಬಾಟಲಿಯಲ್ಲಿರುವುದರಿಂದ ಅದು ಮೆತ್ತಗಿನ ಔಷಧ ಎಂದು ತಿಳಿಯುತ್ತಾರೆ. ಅದನ್ನೇ 7.5 ಎಂಎಲ್ ಕುಡಿಸಿದರೆ 750 ಎಂಜಿ. ಆರಾರು ಗಂಟೆಗೆ ಹಾಗೇ ನಡೆದರೆ ಒಂದೇ ದಿನದಲ್ಲಿ ಲಿವರ್‌ಗೆ ಪೆಟ್ಟು. ಶೀತ-ಕೆಮ್ಮಿನ ಎಷ್ಟೋ ಸಿರಪ್‌ಗಳಲ್ಲಿ ಪ್ಯಾರಾಸಿಟಮಾಲ್ ಸೇರಿಯೇ ಇರುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಫಿಟ್ಸ್ ಬಂದಾಗ ಮೂಗಿಗೆ ಹೊಡೆಯುವ ಮಿಡಾಜೋಲಮ್ ಸ್ಪ್ರೇ ನೋಡಿ. ಒಂದು ಪಫ್‌ಗೆ 0.5 ಎಂಜಿ ಬರುವುದೂ ಇದೆ, 1.25 ಎಂಜಿ ಬರುವುದೂ ಇದೆ. ಕೆಜಿಗೆ 0.2 ಎಂಜಿ ಲೆಕ್ಕದಲ್ಲಿ ಇದೇ ಮಗುವಿಗೆ ಒಂದರಲ್ಲಿ 5 ಪಫ್, ಇನ್ನೊಂದರಲ್ಲಿ 2. 'ಐದು ಪಫ್' ಎಂದು ನೆನಪಿಟ್ಟುಕೊಂಡ ಕೈಗೆ ಎರಡನೆಯ ಡಬ್ಬಿ ಸಿಕ್ಕರೆ ಉಸಿರಾಟವೇ ಮಂದವಾಗಬಹುದು. ಡಬ್ಬಿಯ ಮೇಲೆ ಮಾರ್ಕರ್‌ನಲ್ಲಿ ಪಫ್‌ನ ಲೆಕ್ಕ ಬರೆದಿಡಿ.

ಮತ್ತೆ ಅಡ್ಮಿಟ್ ಆದಾಗ ಆಗುವುದು ಬೇರೆಯೇ ಎಡವಟ್ಟು. ರಾತ್ರಿ ಎಂಟಕ್ಕೆ ಅಮ್ಮ ಮನೆಯ ಬಾಟಲಿಯಿಂದ ಕೊಟ್ಟಿರುತ್ತಾರೆ, ಒಂಬತ್ತಕ್ಕೆ ಸಿಸ್ಟರ್ ಚಾರ್ಟ್ ನೋಡಿ ಕೊಡುತ್ತಾರೆ. ಅಥವಾ ಇಬ್ಬರೂ ಕೊಡುವುದಿಲ್ಲ. 'ಮನೆ ಔಷಧ ಯಾರು ಕೊಡೋದು, ಸಿಸ್ಟರ್?' ಎಂದು ಮೊದಲ ಗಂಟೆಯಲ್ಲೇ ಕೇಳಿ. ಎಂಆರ್‌ಐಗೆಂದು ಬೆಳಿಗ್ಗೆಯಿಂದ ಉಪವಾಸ ಇಟ್ಟಾಗ ಬೆಳಗಿನ ಫಿಟ್ಸ್ ಔಷಧವನ್ನೂ ನಿಲ್ಲಿಸಿ, ಸ್ಕ್ಯಾನ್ ಕೋಣೆಯ ಬಾಗಿಲಲ್ಲೇ ಫಿಟ್ಸ್ ಬರುವುದುಂಟು. ಒಂದು ಗುಟುಕು ನೀರಿನ ಜೊತೆ ಕೊಡಬಹುದೇ ಎಂದು ಅರಿವಳಿಕೆ ಡಾಕ್ಟರನ್ನು ಹಿಂದಿನ ದಿನವೇ ಕೇಳಬೇಕು. ರೈಲ್ಸ್ ಟ್ಯೂಬಿನಲ್ಲಿ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಕೊಡುವುದಾದರೆ, ಅದರಲ್ಲೇ ಹೋಗುವ ದ್ರವ ಆಹಾರದ (ಫೀಡ್) ಜೊತೆ ಫೆನಿಟಾಯಿನ್ ಸರಿಯಾಗಿ ಹೀರಿಕೆಯಾಗುವುದಿಲ್ಲ. ಎಷ್ಟು ಗಂಟೆ ಅಂತರ ಬಿಡಬೇಕು ಎಂಬುದನ್ನೂ ಬರೆಸಿಕೊಳ್ಳಿ. ಕುಡಿಸಿದ ಎಷ್ಟು ಹೊತ್ತಿನೊಳಗೆ ಕಕ್ಕಿದರೆ ಮತ್ತೆ ಕೊಡಬೇಕು ಎಂಬುದೂ ಆ ಚೀಟಿಯಲ್ಲಿರಲಿ.

ಇಷ್ಟಾಗಿಯೂ ಡೋಸ್ ಹೆಚ್ಚಾಗಿ ಹೋದದ್ದು ಗೊತ್ತಾದರೆ ವಾಂತಿ ಮಾಡಿಸಲು ಹೋಗಬೇಡಿ. ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಿಗೆ ಫೋನ್ ಮಾಡಿ. ಹೆದರಿ ನೀವೇ ದಿನಗಟ್ಟಲೆ ನಿಲ್ಲಿಸಿದರೆ ಬಿಡದೆ ಫಿಟ್ಸ್ ಬರುವ ಅಪಾಯವಿದೆ. ಮಗು ತೂಗಾಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ ಫೋನಿಗೆ ಕಾಯದೆ 108 ಕರೆಯಿರಿ. ಉಳಿದ ಔಷಧವನ್ನು ಸಿಟ್ಟಿನಲ್ಲಿ ಸಿಂಕಿಗೆ ಚೆಲ್ಲಬೇಡಿ. ಮುಚ್ಚಳ ಬಿಗಿ ಮಾಡಿ, ಅಳೆದ ಸಿರಿಂಜನ್ನೂ ಅಂಗಡಿಯ ಬಿಲ್ಲನ್ನೂ ಅದರ ಜೊತೆ ಕವರಿಗೆ ಹಾಕಿ, ಫೈಲಿಗಿಂತ ಮೊದಲು ಅದನ್ನು ಕೈಗೆತ್ತಿಕೊಳ್ಳಿ.