ಟ್ರೇಲರ್ ಮಾಡಿಸೋರು ಗಮನಿಸಿ: ಶೆಡ್ಡಿನವರ ‘ಎಂಟೈದು’ ನಿಮ್ಮ ಎಂಟೈದಲ್ಲ

ಲಾನ್ ಕೆಲಸಕ್ಕೆ ಮಿನಿ ಟ್ರಾಕ್ಟರ್ ಹಿಂದೆ ಎಳೆಯುವ ಟ್ರೇಲರ್ ಮಾಡಿಸುವ ಯೋಚನೆ ಇದ್ದರೆ, ಅಡ್ವಾನ್ಸ್ ಕೊಡುವ ಮೊದಲು ಇದನ್ನು ಓದಿ. ನಾನು ಮಂಡ್ಯ ಕಡೆಯ ಒಂದು ವೆಲ್ಡಿಂಗ್ ಶೆಡ್ಡಿನಲ್ಲಿ ಮಾಡಿಸಿದ್ದು. ಹೆಸರು ಬೇಡ. ಅರ್ಧ ತಪ್ಪು ನನ್ನದೇ, ಟೇಪ್ ಹಿಡಿಯದೆ ದುಡ್ಡು ಕೊಟ್ಟೆ. ಹೇಳಿಕೊಳ್ಳೋಕೂ ನಾಚಿಕೆ.

ಆರ್ಡರ್ 8 ಅಡಿ ಉದ್ದ, 5 ಅಡಿ ಅಗಲ. ಬಿಲ್ಲಲ್ಲೂ ಅದೇ. ನೀಲಿ ಪೇಂಟು ಹೊಡೆದು, ಮೂಕಿಗೆ (ಟ್ರಾಕ್ಟರಿಗೆ ಸಿಕ್ಕಿಸುವ ಮುಂದಿನ ದಂಡ) ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಮೈಸೂರಿಗೆ ತಂದು ಬಿಟ್ಟರು. ರೈಡ್-ಆನ್ ಮೋವರ್, ಅಂದರೆ ಮೇಲೆ ಕೂತು ಓಡಿಸುವ ಹುಲ್ಲು ಕತ್ತರಿಸುವ ಯಂತ್ರ, ಹತ್ತಿಸೋಕೆ ಹೋದರೆ ಹಿಂದಿನ ಬಾಗಿಲಲ್ಲೇ ಕಚ್ಚಿಕೊಂಡು ನಿಂತಿತು. ಆಗ ಟೇಪ್ ತಂದೆ. ಆಗ! ಹೊರಗಿಂದ ಹೊರಕ್ಕೆ ಸರಿಯಾಗಿ 60 ಇಂಚು. ಒಳಗೆ 56½. ಬಾಗಿಲ ಹತ್ತಿರ ಎರಡೂ ಕಡೆ ಕಂಬ, ಹಿಂಜು ಒಳಕ್ಕೇ ಕೂರಿಸಿದ್ದರಿಂದ ಉಳಿದದ್ದು 50½. ಮೋವರ್ ಡೆಕ್ 42 ಇಂಚು ಅಂತಾರಲ್ಲ, ಅದು ಬ್ಲೇಡ್ ಕತ್ತರಿಸುವ ಅಗಲ ಅಷ್ಟೇ. ಕತ್ತರಿಸಿದ ಹುಲ್ಲು ಹೊರಗೆ ಚೆಲ್ಲುವ ಪಕ್ಕದ ಚ್ಯೂಟ್ ಸೇರಿಸಿದರೆ 52. ಒಂದೂವರೆ ಇಂಚಿಗೆ ಇಡೀ ಗಾಡಿ ದಂಡ.

ಫೋನ್ ಮಾಡಿದರೆ ಬಂದ ಉತ್ತರ ಕೇಳಿ. “ಸಾರ್, ಸೈಜ್ ಅಂದ್ರೆ ಹೊರಗಿನ ಸೈಜೇ. ಎಲ್ಲಾರೂ ಹಂಗೇ ತಗೊಳೋದು.” ಒಳಗೆ ಮೋವರ್ ನಿಲ್ಲಿಸಬೇಕು ಅಂತ ಹೇಳಿದ್ದೆನಲ್ಲಣ್ಣ ಅಂದರೆ, “ಆ ಪಕ್ಕದ ಪ್ಲಾಸ್ಟಿಕ್ ಮೇಲಕ್ಕೆ ಮಡಚಿ ಹಗ್ಗ ಕಟ್ಕೊಳಿ ಸಾರ್, ಒಂದಿಂಚಿಗೆ ಯಾಕ್ ಇಷ್ಟು ಬೇಜಾರು.” ದಿನಕ್ಕೆ ನಾಲ್ಕು ಸೈಟು, ಇಳಿಸೋದು ಹತ್ತಿಸೋದು ಸೇರಿ ಎಂಟು ಸಲ ಹಗ್ಗ ಕಟ್ಟಿ ಬಿಚ್ಚಬೇಕಂತೆ.

ಅವರ ಕೈ ಕುಳಿತಿರೋದು ಕಬ್ಬಿನ ಟ್ರೇಲರಿಗೆ. ಕಬ್ಬಿಗೆ ಒಳ ಅಳತೆ ಯಾರಿಗೆ ಬೇಕು? ಆಚೆ ಈಚೆ ಚಾಚಿಕೊಂಡೇ ಹೋಗುತ್ತೆ. ಎತ್ತರವೂ ಲೆಕ್ಕಕ್ಕಿಲ್ಲ, ಹೊರೆ ಹೊತ್ತು ಹಲಗೆ ಹತ್ತಿ ತುಂಬುತ್ತಾರೆ. ಮೋವರ್ ತನ್ನ ಚಕ್ರದ ಮೇಲೆ ತಾನೇ ಹತ್ತಬೇಕು. 6.00-16 ಟೈರು ಹಾಕಿ ಅದರ ಮೇಲೆ ಬೆಡ್ (ಟ್ರೇಲರಿನ ತಳ) ಕೂರಿಸಿದ್ದರಿಂದ ನೆಲದಿಂದ 34 ಇಂಚು. ಜೊತೆಗೆ ಕೊಟ್ಟ ರ‍್ಯಾಂಪ್ 4 ಅಡಿ. ಅಂದರೆ 45 ಡಿಗ್ರಿ, ಗೋಡೆ ಹತ್ತಿದ ಹಾಗೆ. ಮೋವರಿನ ಮುಂಭಾಗ ಎದ್ದು ಹಿಂದಕ್ಕೆ ಮಗುಚಿದರೆ ಮೇಲೆ ಕೂತವನ ಗತಿ? ಇದೇ ಎತ್ತರಕ್ಕೆ 8 ಅಡಿ ರ‍್ಯಾಂಪ್ ಹಾಕಿದರೂ 20 ಡಿಗ್ರಿ ಮೇಲೆಯೇ. ಬೆಡ್ಡೇ ತಗ್ಗಿಸಬೇಕು. ಚಕ್ರ ಬೆಡ್ಡಿನ ಪಕ್ಕಕ್ಕೆ ಬರುವಂತೆ 12 ಇಂಚಿನ ರಿಮ್ಮು, ಮಾರುತಿ ಆಲ್ಟೊ 800ರ 145/80 ಟೈರು ಹಾಕಿದರೆ 18 ಇಂಚಿಗೆ ಇಳಿಯುತ್ತೆ. ಆದರೆ ಆ ಟೈರು ಒಂದೊಂದು ಹೊರೋದು ಹೆಚ್ಚೆಂದರೆ 375 ಕೆಜಿ. ಗಾಡಿಯ ತೂಕವೂ ಅದರಲ್ಲೇ ಬಂತು, ಹಾಗಾಗಿ ಅದರಲ್ಲಿ ಮಣ್ಣು ಹೊಡೀಬೇಡಿ. ಮೋವರಿಗೂ ಮಣ್ಣಿಗೂ ಒಂದೇ ಟ್ರೇಲರ್ ಅನ್ನೋ ಆಸೆಯೇ ನನ್ನನ್ನು ಕೆಡಿಸಿದ್ದು.

ಮಣ್ಣಿನ ಲೆಕ್ಕವೂ ಹೇಳಿಬಿಡ್ತೀನಿ. ಒಂದೂವರೆ ಅಡಿ ಸೈಡಿಗೆ ಮಟ್ಟವಾಗಿ ತುಂಬಿದರೆ ಒಳ ಅಳತೆಗೆ ಸುಮಾರು 55 ಘನ ಅಡಿ. ಒದ್ದೆ ಕೆಮ್ಮಣ್ಣು ಘನ ಅಡಿಗೆ ಸುಮಾರು 45 ಕೆಜಿ. ಹತ್ತಿರ ಹತ್ತಿರ 2,500 ಕೆಜಿ ಆಯ್ತು! ಗಾಡಿ ಒಂದೂವರೆ ಟನ್ನಿನದು ಅಂತ ಅವರೇ ಹೇಳಿದ್ದು. ಒಳಗಡೆ 8 ಇಂಚಿಗೆ ಪೇಂಟಲ್ಲಿ ಗೆರೆ ಎಳೀರಿ, ಮಣ್ಣು ಅದರ ಮೇಲೆ ಹೋಗಬಾರದು.

ಇನ್ನು ಅಚ್ಚು (ಆಕ್ಸಲ್). ಸರಿಯಾಗಿ ನಟ್ಟನಡುವೆ, 4 ಅಡಿಗೆ ಕೂರಿಸಿದ್ದಾರೆ. ಎತ್ತಿನ ಗಾಡಿ ಹೊಡೆದವರಿಗೂ ಗೊತ್ತು, ಹಿಂಭಾರ ಆದರೆ ಮೂಕಿ ಮೇಲೇಳುತ್ತೆ. ಮೋವರು, ಮೇಲೆ ಕೂತವನು ಸೇರಿ 280 ಕೆಜಿ ಹಿಂದಿನ ಅಂಚಿಗೆ ಬಂದ ತಕ್ಷಣ ಮೂಕಿ ಟ್ರಾಕ್ಟರಿನ ಹಿಂಭಾಗವನ್ನು ನೂರು ಕೆಜಿಗೂ ಮೀರಿದ ಬಲದಲ್ಲಿ ಮೇಲಕ್ಕೆ ಎತ್ತುತ್ತೆ. ಟ್ರಾಕ್ಟರಿನ ಬ್ರೇಕು ಇರೋದು ಹಿಂದಿನ ಚಕ್ರಕ್ಕೆ. ಇಳಿಜಾರಲ್ಲಿ ನಿಲ್ಲಿಸಿದ್ದರೆ ಜಾರಿಕೊಂಡು ಹೋಗುತ್ತೆ. 8 ಅಡಿ ಬೆಡ್ಡಿಗೆ ಅಚ್ಚು ನಡುವಿನಿಂದ 9–10 ಇಂಚು ಹಿಂದಿರಬೇಕು, ಒಟ್ಟು ತೂಕದ ಹತ್ತನೇ ಒಂದು ಪಾಲು ಮೂಕಿ ಮೇಲೆ ಕೂರಬೇಕು. ಹತ್ತಿಸುವಾಗ ಹಿಂದೆ ಎರಡು ಊರುಗೋಲು ಕೊಡಲೇಬೇಕು. ಇದಕ್ಕೆ ಅವರ ಉತ್ತರ: “ಮುಂದೆ ನಾಕ್ ಮೂಟೆ ಮಣ್ಣು ಹಾಕ್ಕೊಳಿ ಸಾರ್.”

ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟವರು ವೇ ಬ್ರಿಡ್ಜ್ ಮೇಲೆ ನಿಲ್ಲಿಸದೆ ಗಾಡಿ ತರಬೇಡಿ. ಬಿಲ್ಲಲ್ಲಿ 480, ಚೀಟಿಯಲ್ಲಿ 410. ನೆಲಕ್ಕೆ 3 ಎಂಎಂ ಶೀಟು ಅಂತ ಬರೆದಿದ್ದಾರೆ, ಅಂಚಲ್ಲಿ ಪೇಂಟು ಕೆರೆದು ವರ್ನಿಯರ್ ಹಿಡಿದರೆ 2. 40 ಚದರಡಿಗೆ 3 ಎಂಎಂ ಆದರೆ 87 ಕೆಜಿ, 2 ಎಂಎಂ ಆದರೆ 58. ಸುಮಾರು 30 ಕೆಜಿ ಅಲ್ಲಿ ಸಿಕ್ಕಿತು. ಮಿಕ್ಕ 40? “ವೇಸ್ಟೇಜು, ವೆಲ್ಡಿಂಗ್ ರಾಡು ಸಾರ್.” ನಲವತ್ತು ಕೆಜಿ ರಾಡು!

ನಂಬರ್ ವಿಷಯಕ್ಕೂ ಅದೇ ರಾಗ, “ಚಿಕ್ಕದಕ್ಕೆ ಯಾರ್ ಕೇಳ್ತಾರೆ”. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಟ್ರೇಲರೂ ಮೋಟಾರು ವಾಹನವೇ, ನೋಂದಣಿ ಬೇಕು. ಫಾರಂ 21 (ಮಾರಾಟದ ಪ್ರಮಾಣಪತ್ರ), ಫಾರಂ 22 (ರಸ್ತೆಗೆ ಯೋಗ್ಯ ಅನ್ನೋ ಪ್ರಮಾಣಪತ್ರ) ಕೊಡ್ತೀರಾ ಅಂತ ಮೊದಲೇ ಕೇಳಿ. ತಡವರಿಸಿದರೆ ಎದ್ದು ಬನ್ನಿ.

ಸೈಜು ಅಂದರೆ ನನ್ನ ಮಟ್ಟಿಗೆ ಇಷ್ಟೇ: ತಳ್ಳುವ ಮೋವರ್ ಎರಡಿದ್ದರೆ ಒಳಗೆ 6 ಅಡಿಗೆ 4 ಸಾಕು, 22 ಇಂಚಿನವು ಎರಡು ಪಕ್ಕಪಕ್ಕ ನಿಲ್ಲುತ್ತವೆ. ರೈಡ್-ಆನ್ ಇದ್ದರೆ ಒಳಗೆ 10 ಅಡಿ ಉದ್ದ, ಬಾಗಿಲು ಬಿಚ್ಚಿದಾಗ 56 ಇಂಚು. 8 ಅಡಿಯಲ್ಲಿ ಮೋವರೇ 6 ಅಡಿ ತಿನ್ನುತ್ತೆ, ಬ್ರಷ್ ಕಟರಿನ ಅಗಲದ ಹಿಡಿ ಪಕ್ಕದ ಸಂದಿಗೆ ಇಳಿಯಲ್ಲ, ಹುಲ್ಲಿನ ಮೂಟೆ ತಲೆ ಮೇಲೆ. ಒಳ ಅಳತೆ, ಬಾಗಿಲ ಅಳತೆ, ಬೆಡ್ ಎತ್ತರ, ಈ ಮೂರನ್ನೂ ಬಿಲ್ಲಿನ ಮೇಲೆ ಅವರ ಕೈಯಲ್ಲೇ ಬರೆಸಿ.

ನಿನ್ನೆ ಅವರೇ ಫೋನ್ ಮಾಡಿದ್ದರು. ಬಾಗಿಲು ಸರಿ ಮಾಡಿಕೊಡೋಕೆ ಇರಬೇಕು ಅಂದುಕೊಂಡು ಎತ್ತಿದೆ. “ಬಾಕಿ ಎಂಟ್ ಸಾವ್ರ ಯಾವಾಗ್ ಹಾಕ್ತೀರಾ ಸಾರ್?”